ಡ್ರೋನ್ ಸರಿಯಿದೆ, ಮೊಬೈಲ್ ಕೈಕೊಟ್ಟಿದೆ

ಭತ್ತದ ಗದ್ದೆಯ ಬದುವಿನ ಮೇಲೆ ಡ್ರೋನ್ ಸಿದ್ಧವಾಗಿ ನಿಂತಿದೆ. ಹತ್ತು ಲೀಟರಿನ ಟ್ಯಾಂಕಿಗೆ ಔಷಧಿ ತುಂಬಿದ್ದಾಗಿದೆ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ, ಗಾಳಿಯೂ ಇಳಿದಿದೆ. ಹಾರಿಸುವವನು ಮಾತ್ರ ತಲೆಗೆ ಸುತ್ತಿದ ಟವೆಲನ್ನು ಹಣೆಯ ಮುಂದಕ್ಕೆ ಎಳೆದುಕೊಂಡು, ಅದರ ನೆರಳಿನಲ್ಲಿ ಮೊಬೈಲಿನ ಪರದೆಯನ್ನು ಒತ್ತುತ್ತಲೇ ಇದ್ದಾನೆ. ಡ್ರೋನ್ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಆ್ಯಪ್ ಹೇಳುತ್ತಿದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಎಣ್ಣೆ ಹೊಡೆಯಲು, ಅಂದರೆ ಕೀಟನಾಶಕ ಸಿಂಪಡಿಸಲು, ಡ್ರೋನನ್ನು ಬಾಡಿಗೆಗೆ ಕರೆಸುವ ರೈತರಿಗೆ ಈ ನೋಟ ಅಪರೂಪದ್ದೇನೂ ಆಗಿರಲಿಕ್ಕಿಲ್ಲ.

ಸುದ್ದಿಗಳು ಮಾತ್ರ ಬೇರೆಯ ಕಥೆ ಹೇಳುತ್ತಿವೆ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್‌ಗಳ ಮೇಲಿನ ಜಿಎಸ್‌ಟಿ ಶೇ 5ಕ್ಕೆ ಇಳಿಯಿತು. ಅದಕ್ಕೂ ಮೊದಲು ಬಳಕೆಗೆ ತಕ್ಕಂತೆ ಶೇ 18, ಶೇ 28 ಎಂದೆಲ್ಲ ಇತ್ತು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸರ್ಕಾರ 1,261 ಕೋಟಿ ರೂಪಾಯಿ ಎತ್ತಿಟ್ಟಿದೆ. ಇದೇ ಹೊತ್ತಿಗೆ, 2025ರ ಆಗಸ್ಟ್‌ನಲ್ಲಿ, ಗೂಗಲ್ ಇನ್ನೊಂದು ಪ್ರಕಟಣೆ ಹೊರಡಿಸಿತು: ತನ್ನ ಬಳಿ ಗುರುತು ದಾಖಲಿಸದ ತಯಾರಕರ ಆ್ಯಪ್‌ಗಳನ್ನು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹಾಕಿಕೊಳ್ಳುವುದಕ್ಕೆ ತಡೆ ಬೀಳಲಿದೆ.

ಒಂದು ಕಡೆ ಅಗ್ಗವಾದ ಡ್ರೋನ್, ಇನ್ನೊಂದು ಕಡೆ ಬಿಗಿಯಾಗುತ್ತಿರುವ ಮೊಬೈಲ್. ನಡುವೆ ಸಿಕ್ಕಿಕೊಂಡವರ ಪ್ರಶ್ನೆಗಳು ಮೂರು. ಡ್ರೋನ್ ಆ್ಯಪ್‌ಗಳು ಇನ್ನು ನಿಂತೇ ಹೋಗುತ್ತವೆಯೇ? ಹಾರುವಾಗ ಆ್ಯಪ್ ನಿಂತರೆ ಡ್ರೋನ್ ಬೀಳುತ್ತದೆಯೇ? ಕೆಲಸ ಕೆಟ್ಟರೆ ಕೇಳಬೇಕಾದ್ದು ಯಾರನ್ನು? ಮೊದಲ ಎರಡಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಗಂಟು ಇರುವುದು ಮೂರನೆಯದರಲ್ಲಿ.

ಮೂರು ತುಂಡುಗಳ ಯಂತ್ರ

ಡ್ರೋನ್ ಎಂದರೆ ಹಾರುವ ಭಾಗ ಎಂದಷ್ಟೇ ನಮ್ಮ ಎಣಿಕೆ. ಕೆಲಸದ ಲೆಕ್ಕದಲ್ಲಿ ಅದು ಮೂರು ಯಂತ್ರಗಳ ಜೋಡಣೆ. ಆಕಾಶದಲ್ಲಿ ಇರುವುದು ಒಂದು. ಅದಕ್ಕೆ ತನ್ನದೇ ಕಂಪ್ಯೂಟರ್, ಜಿಪಿಎಸ್, ದಿಕ್ಸೂಚಿ ಇವೆ. ಕೈಯಲ್ಲಿರುವ ರಿಮೋಟ್ ಎರಡನೆಯದು. ಅದರ ಕಡ್ಡಿಗಳನ್ನು ಸರಿಸಿದರೆ ರೇಡಿಯೊ ಸಂಕೇತ ನೇರವಾಗಿ ಡ್ರೋನಿಗೆ ಹೋಗುತ್ತದೆ. ರಿಮೋಟಿಗೆ ತಂತಿಯಿಂದ ಸಿಕ್ಕಿಸಿದ ಮೊಬೈಲ್ ಮೂರನೆಯದು. ಕ್ಯಾಮೆರಾ ಕಂಡದ್ದನ್ನು ತೋರಿಸುವುದು, ನಕ್ಷೆ ಬಿಡಿಸುವುದು, ಬ್ಯಾಟರಿ ಎಷ್ಟಿದೆ ಎಂದು ಹೇಳುವುದು, ಎತ್ತರದ ಮಿತಿ ಹಾಕುವುದು, ಎಚ್ಚರಿಕೆ ಕೊಡುವುದು ಅದರ ಪಾಲಿನ ಕೆಲಸ.

ಮೊದಲ ಎರಡನ್ನು ಸಾಮಾನ್ಯವಾಗಿ ಒಂದೇ ಕಂಪನಿ ಜೋಡಿಸಿ ಕೊಡುತ್ತದೆ. ಒಂದನ್ನು ಇನ್ನೊಂದರ ಜೊತೆ ಕೂಡಿಸಿ, ಬಿಸಿಲಿನಲ್ಲಿ ಇಟ್ಟು, ನೂರಾರು ಸಲ ಹಾರಿಸಿ ನೋಡುತ್ತದೆ. ಮೂರನೆಯದು ಮಾತ್ರ ಗ್ರಾಹಕನ ಜೇಬಿನಿಂದ ಬರುತ್ತದೆ. ಅದರ ಯಂತ್ರ ಒಂದು ಕಂಪನಿಯದು, ಕಾರ್ಯಾಚರಣಾ ವ್ಯವಸ್ಥೆ ಇನ್ನೊಂದರದು, ಆ್ಯಪ್ ಮತ್ತೊಂದರದು. ಮದುವೆ ಕರೆ, ವಾಟ್ಸ್‌ಆ್ಯಪ್ ಸಂದೇಶ, ಯುಪಿಐ ಹಣದ ಸದ್ದು, ಮಕ್ಕಳ ಆಟ ಎಲ್ಲವೂ ಅದರಲ್ಲೇ. ಲಕ್ಷಾಂತರ ರೂಪಾಯಿಯ ಹಾರುವ ಯಂತ್ರದ ಕಣ್ಣು ಇಂಥದ್ದೊಂದು ಮೊಬೈಲಿನ ಕೃಪೆಯಲ್ಲಿದೆ ಎಂಬುದು ಯೋಚಿಸಿದರೆ ವಿಚಿತ್ರವೇ.

ಆ್ಯಪ್ ನಿಂತರೆ ಡ್ರೋನ್ ಬೀಳುತ್ತದೆಯೇ?

ರಿಮೋಟ್ ಇರುವ ಡ್ರೋನ್ ಬೀಳುವುದಿಲ್ಲ. ಆ್ಯಪ್ ನಿಂತಾಗ ಕಡಿದುಹೋಗುವುದು ಮೊಬೈಲ್ ಮತ್ತು ರಿಮೋಟಿನ ನಡುವಿನ ಮಾತು. ರಿಮೋಟ್ ಮತ್ತು ಡ್ರೋನಿನ ನಡುವಿನ ರೇಡಿಯೊ ಕೊಂಡಿ ಹಾಗೆಯೇ ಇರುತ್ತದೆ. ಕಡ್ಡಿಗಳಿಂದ ಕೈಬಿಟ್ಟರೆ ಜಿಪಿಎಸ್ ಆಧಾರದ ಡ್ರೋನ್ ಇದ್ದಲ್ಲೇ ತೇಲುತ್ತ ನಿಲ್ಲುತ್ತದೆ. ಕಣ್ಣಿಗೆ ಕಾಣುವ ದೂರದಲ್ಲಿದ್ದರೆ ಪರದೆಯ ಹಂಗಿಲ್ಲದೆ ಇಳಿಸಬಹುದು. ರಿಮೋಟಿನ ಕೊಂಡಿಯೇ ಕೆಲವು ಸೆಕೆಂಡು ಕಡಿದುಹೋದರೆ, ಹೆಚ್ಚಿನ ಡ್ರೋನ್‌ಗಳು ತಾವಾಗಿಯೇ ನಿಗದಿತ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ಮರಳುವಂತೆ ರೂಪಿಸಲಾಗಿದೆ.

ಇಷ್ಟಾದರೂ ಅಪಘಾತಗಳಾಗುತ್ತವೆ. ಅದಕ್ಕೆ ಕಾರಣ ಬೇರೆ. ಒಂದು ಸಾಮಾನ್ಯ ಸರಣಿಯನ್ನು ಬಿಡಿಸಿ ನೋಡೋಣ. ಬ್ಯಾಟರಿ ಕಡಿಮೆಯಾದಾಗ ಅನೇಕ ಕ್ಯಾಮೆರಾ ಡ್ರೋನ್‌ಗಳು ‘ಮರಳಿ ಬರಲೇ?’ ಎಂದು ಆ್ಯಪ್‌ನಲ್ಲಿ ಕೇಳುತ್ತವೆ, ಹತ್ತು ಸೆಕೆಂಡು ಎಣಿಸುತ್ತವೆ, ಬೇಡ ಎನ್ನದಿದ್ದರೆ ಹೊರಟುಬಿಡುತ್ತವೆ. ಪರದೆ ಆ ಹೊತ್ತಿಗೆ ಹೆಪ್ಪುಗಟ್ಟಿದ್ದರೆ ಪ್ರಶ್ನೆ ಕಾಣುವುದೇ ಇಲ್ಲ. ಹಾರಿಸುವವನ ಕಣ್ಣಿಗೆ ಕಾಣುವುದು ಇಷ್ಟೇ: ಡ್ರೋನ್ ತನ್ನಷ್ಟಕ್ಕೆ ತಿರುಗಿತು, ಮೇಲೇರಿತು, ಎತ್ತಲೋ ಹೊರಟಿತು. ಹುಚ್ಚು ಹಿಡಿಯಿತೆಂದು ಗಾಬರಿಯಾಗಿ ಅವನು ಕಡ್ಡಿಗಳನ್ನು ಎಳೆದಾಡುತ್ತಾನೆ. ಆನೆಗೊಂದಿಯ ಬಂಡೆಗಳ ನಡುವೆ ಅಥವಾ ಪಂಪ್‌ಸೆಟ್ಟಿಗೆ ಹೋದ ವಿದ್ಯುತ್ ತಂತಿಯ ಕೆಳಗೆ ಇಂಥ ಎಳೆದಾಟ ನಡೆದರೆ ಫಲ ಊಹಿಸಬಹುದು. ಡ್ರೋನ್ ತನಗೆ ಹೇಳಿಕೊಟ್ಟಿದ್ದನ್ನೇ ಮಾಡಿತ್ತು. ಏನು ಮಾಡುತ್ತಿದ್ದೇನೆ ಎಂದು ತಿಳಿಸಬೇಕಾದ ಬಾಯಿ ಮಾತ್ರ ಕಟ್ಟಿಹೋಗಿತ್ತು.

ಎರಡು ಬಗೆಯ ಡ್ರೋನ್‌ಗಳ ಲೆಕ್ಕ ಬೇರೆ. ರಿಮೋಟೇ ಇಲ್ಲದೆ, ಮೊಬೈಲಿನ ವೈಫೈ ಮೂಲಕವಷ್ಟೇ ಹಾರುವ ಚಿಕ್ಕ ಡ್ರೋನ್‌ಗಳಿಗೆ ಮೊಬೈಲೇ ರಿಮೋಟ್. ಅಲ್ಲಿ ಆ್ಯಪ್ ಹೋದರೆ ಹಿಡಿತವೂ ಹೋದಂತೆ.

ಇನ್ನೊಂದು, ಹೊಲದ ನಕ್ಷೆ ಹಾಕಿಕೊಟ್ಟು ತಾನಾಗಿ ಹಾರಿಸುವ ಪದ್ಧತಿ. ಇದರಲ್ಲಿ ಎರಡು ದಾರಿಗಳಿವೆ, ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ. ಕೆಲವು ಆ್ಯಪ್‌ಗಳು ಇಡೀ ದಾರಿಯನ್ನು ಹಾರುವ ಮೊದಲೇ ಡ್ರೋನಿನ ಕಂಪ್ಯೂಟರಿಗೆ ಇಳಿಸಿಬಿಡುತ್ತವೆ; ಆಮೇಲೆ ಮೊಬೈಲ್ ಸತ್ತರೂ ಡ್ರೋನ್ ಸಾಲು ಮುಗಿಸುತ್ತದೆ. ಇನ್ನು ಕೆಲವು, ಕಡ್ಡಿ ಸರಿಸಿದಂತೆ ನಟಿಸುತ್ತ, ಹೆಜ್ಜೆ ಹೆಜ್ಜೆಗೂ ಮೊಬೈಲಿನಿಂದಲೇ ಆದೇಶ ಕೊಡುತ್ತವೆ. ಇಲ್ಲಿ ಒಂದು ಫೋನ್ ಕರೆ ಬಂದು ಆ್ಯಪ್ ಹಿಂದಕ್ಕೆ ಸರಿದರೂ ಹಾರಾಟ ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಹೊಲದಲ್ಲಿ, ಒಂದೇ ತರದ ಡ್ರೋನಿನಲ್ಲಿ, ಆ್ಯಪ್ ಬದಲಾದ ಮಾತ್ರಕ್ಕೆ ಇಷ್ಟು ಅಂತರ.

ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ ಡ್ರೋನ್‌ಗಳಲ್ಲಿ ಇದಕ್ಕೊಂದು ಕಾವಲು ಇದೆ. ನೆಲದ ಮೇಲಿನ ಕಂಪ್ಯೂಟರ್ ಅಥವಾ ಮೊಬೈಲ್ ‘ನಾನಿದ್ದೇನೆ’ ಎಂಬ ಸಂಕೇತವನ್ನು ಆಗಾಗ ಕಳುಹಿಸುತ್ತಿರಬೇಕು. ಈ ಕಾವಲನ್ನು ಚಾಲೂ ಮಾಡಿಟ್ಟಿದ್ದರೆ, ಮಾಮೂಲಿ ಹೊಂದಿಕೆಯಲ್ಲಿ 5 ಸೆಕೆಂಡು ಸಂಕೇತ ಬಾರದಿದ್ದಾಗ ಡ್ರೋನ್ ಮರಳುವ ಅಥವಾ ಇಳಿಯುವ ಕ್ರಮಕ್ಕೆ ಹೊರಳುತ್ತದೆ. ಚಾಲೂ ಮಾಡಿಡಬೇಕು ಎಂಬುದೇ ಇಲ್ಲಿನ ಮುಖ್ಯ ಮಾತು. ಡ್ರೋನ್ ಖರೀದಿಸುವವರಲ್ಲಿ ಎಷ್ಟು ಮಂದಿ ಇದನ್ನು ಕೇಳಿ ನೋಡುತ್ತಾರೆ?

ಕೈಕೊಡುವುದು ಏಕೆ?

ಬಿಸಿಲಿನಿಂದ ಶುರುಮಾಡಬಹುದು, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಅದು ಹೊರಗಿನ ಸಂಗತಿಯಲ್ಲ. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 40 ದಾಟುವುದು ವರ್ಷವರ್ಷದ ಮಾತು. ಕ್ಯಾಮೆರಾ ಡ್ರೋನ್ ಹಾರಿಸುವ ಮದುವೆಗಳ ಸುಗ್ಗಿಯೂ ಅದೇ ಹೊತ್ತಿಗೆ. ಡ್ರೋನ್ ಕಳುಹಿಸುವ ವಿಡಿಯೊ ಅಡಕಗೊಳಿಸಿದ ರೂಪದಲ್ಲಿ ಬರುತ್ತದೆ. ಅದನ್ನು ಕ್ಷಣಕ್ಷಣವೂ ಬಿಡಿಸಿ ತೋರಿಸುವುದಕ್ಕೆ ಮೊಬೈಲಿನ ಪ್ರೊಸೆಸರ್ ಬೆವರು ಸುರಿಸಬೇಕು. ಬಿಸಿಲಿನಲ್ಲಿ ಪರದೆ ಕಾಣಲೆಂದು ಬೆಳಕನ್ನು ತುದಿಗೆ ಏರಿಸಿರುತ್ತೇವೆ, ಕೆಲವು ರಿಮೋಟ್‌ಗಳು ಅದೇ ತಂತಿಯಲ್ಲಿ ಮೊಬೈಲಿಗೆ ಚಾರ್ಜನ್ನೂ ಕೊಡುತ್ತವೆ. ಒಳಗಿನ ಬಿಸಿ, ಹೊರಗಿನ ಬಿಸಿ ಸೇರಿ ಮಿತಿ ದಾಟಿದಾಗ ಮೊಬೈಲ್ ತನ್ನನ್ನು ಕಾಪಾಡಿಕೊಳ್ಳಲು ಪರದೆ ಮಂಕು ಮಾಡುತ್ತದೆ, ಪ್ರೊಸೆಸರಿನ ವೇಗ ಇಳಿಸುತ್ತದೆ. ಚಿತ್ರ ತಡವರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಕಲ್ಯಾಣ ಮಂಟಪದ ಕೋಣೆಯೊಳಗೆ ಪರೀಕ್ಷಿಸಿದಾಗ ಎಲ್ಲವೂ ಸರಿಯಿತ್ತು ಎಂದು ಛಾಯಾಗ್ರಾಹಕರು ಹೇಳಿದರೆ, ಅದೂ ನಿಜವೇ.

ಎರಡನೆಯ ಕಾರಣ, ಮೊಬೈಲಿನ ಅತಿ ಬುದ್ಧಿವಂತಿಕೆ. ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಹಲವು ಬ್ರ್ಯಾಂಡ್‌ಗಳ ಆಂಡ್ರಾಯ್ಡ್ ಮೊಬೈಲುಗಳು ಹೆಚ್ಚು ವಿದ್ಯುತ್ ನುಂಗುವ ಆ್ಯಪ್‌ಗಳನ್ನು ಹಿನ್ನೆಲೆಗೆ ಸರಿದೊಡನೆ ಮುಚ್ಚಿಬಿಡುತ್ತವೆ. ಡ್ರೋನ್ ಆ್ಯಪ್‌ಗಿಂತ ಹೆಚ್ಚು ನುಂಗುವುದು ಯಾವುದು? ವೈಫೈ ಡ್ರೋನ್‌ಗಳಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಡ್ರೋನಿನ ವೈಫೈಗೆ ಸೇರಿದ ಮೊಬೈಲ್, ‘ಇದರಲ್ಲಿ ಇಂಟರ್ನೆಟ್ ಇಲ್ಲ’ ಎಂದು ಕಂಡುಕೊಂಡು, ಒಡೆಯನಿಗೆ ಉಪಕಾರ ಮಾಡುವ ಉತ್ಸಾಹದಲ್ಲಿ ಸಿಮ್‌ನ ಡೇಟಾಕ್ಕೆ ಹಾರುತ್ತದೆ. ಡ್ರೋನ್ ಗಾಳಿಯಲ್ಲಿ, ಮೊಬೈಲ್ ಇಂಟರ್ನೆಟ್ಟಿನಲ್ಲಿ.

ಮೂರನೆಯದು ಅನುಮತಿಗಳು. ಇದು ಅತಿ ಸಾಮಾನ್ಯ, ಅತಿ ಕಡಿಮೆ ಅರ್ಥವಾದದ್ದು. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ, ಕೆಲವು ತಿಂಗಳು ತೆರೆಯದ ಆ್ಯಪ್‌ಗೆ ಕೊಟ್ಟಿದ್ದ ಅನುಮತಿಗಳನ್ನು ಮೊಬೈಲ್ ತಾನಾಗಿ ಹಿಂದಕ್ಕೆ ಪಡೆಯುತ್ತದೆ. ಮರುವರ್ಷದ ಆಂಡ್ರಾಯ್ಡ್ 12, ಬ್ಲೂಟೂತ್ ಮೂಲಕ ಹತ್ತಿರದ ಉಪಕರಣ ಹುಡುಕಲು ಪ್ರತ್ಯೇಕ ಅನುಮತಿ ಬೇಕೆಂದಿತು. ಖಾಸಗಿತನದ ದೃಷ್ಟಿಯಿಂದ ಎರಡೂ ಒಳ್ಳೆಯ ಕ್ರಮಗಳು. ಆದರೆ ಮದುವೆಯ ಡ್ರೋನ್ ಆಷಾಢಕ್ಕೆ ಪೆಟ್ಟಿಗೆ ಸೇರಿ, ದೀಪಾವಳಿ ಕಳೆದು ತುಳಸಿ ಹಬ್ಬದ ಹೊತ್ತಿಗೆ ಹೊರಬಂದರೆ? ಕೃಷಿ ಡ್ರೋನ್ ಒಂದು ಬೆಳೆ ಮುಗಿದು ಮುಂದಿನ ಬೆಳೆಗೆ ಎಣ್ಣೆ ಹೊಡೆಯುವ ತನಕ ಮೂಲೆಯಲ್ಲಿ ಕುಳಿತರೆ? ಸ್ಥಳ ತಿಳಿಯುವ ಅನುಮತಿ ಅಷ್ಟರಲ್ಲಿ ಹೋಗಿರುತ್ತದೆ. ನಕ್ಷೆ ಬಾರದೆ, ಸಂಪರ್ಕ ಸಿಗದೆ, ಡ್ರೋನ್ ಕೆಟ್ಟಿತೆಂದು ದುರಸ್ತಿಗೆ ಕಳುಹಿಸುವವರೂ ಇರಬಹುದು.

ನಾಲ್ಕನೆಯದು ಕಾಲದ ಹೊಡೆತ. ಡ್ರೋನ್ ಐದಾರು ವರ್ಷ ಬಾಳಬಲ್ಲದು, ಮೊಬೈಲಿನ ವ್ಯವಸ್ಥೆ ವರ್ಷಕ್ಕೊಮ್ಮೆ ಬದಲಾಗುತ್ತದೆ. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್, ಹೊಸ ಪ್ರೊಸೆಸರ್‌ಗಳಿಗೆ ತಕ್ಕ 64 ಬಿಟ್ ಆವೃತ್ತಿಯನ್ನು ಆ್ಯಪ್‌ಗಳಿಗೆ ಕಡ್ಡಾಯ ಮಾಡಿತು. ಗೂಗಲ್‌ನ 2022ರ ಪಿಕ್ಸೆಲ್ 7 ಮೊಬೈಲಿನಲ್ಲಿ ಹಳೆಯ ತರದ 32 ಬಿಟ್ ಆ್ಯಪ್‌ಗಳು ಓಡುವುದೇ ಇಲ್ಲ. 2023ರ ಆಂಡ್ರಾಯ್ಡ್ 14, ತೀರ ಹಳೆಯ ವ್ಯವಸ್ಥೆಗಾಗಿ ಬರೆದ ಆ್ಯಪ್‌ಗಳನ್ನು ಹಾಕಿಕೊಳ್ಳಲೇ ಬಿಡುವುದಿಲ್ಲ. ತಯಾರಕ ಕಂಪನಿ ಹಳೆಯ ಮಾದರಿಯ ಕೈಬಿಟ್ಟಿದ್ದರೆ, ರೆಕ್ಕೆ ಮೋಟಾರು ಎಲ್ಲ ಗಟ್ಟಿಯಾಗಿರುವ ಡ್ರೋನಿಗೆ ಹೊಸ ಮೊಬೈಲಿನಲ್ಲಿ ಜಾಗವಿಲ್ಲ. ಹೀಗಾಗಿಯೇ ಕೆಲವರು ಒಡೆದ ಗಾಜಿನ ಹಳೆಯ ಮೊಬೈಲೊಂದನ್ನು ಬಟ್ಟೆಯಲ್ಲಿ ಸುತ್ತಿ, ಡ್ರೋನಿನ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು.

ಇವೆಲ್ಲದರ ಜೊತೆಗೆ ಸಣ್ಣಪುಟ್ಟವೂ ಇವೆ. ಚಾರ್ಜಿಗೆ ಮಾತ್ರ ಆಗುವ, ಡೇಟಾ ಸಾಗಿಸದ ಅಗ್ಗದ ತಂತಿ. ಹಾರಿಸುವ ಮೊದಲು ಲಾಗಿನ್ ಆಗು, ಅಪ್‌ಡೇಟ್ ಮಾಡು ಎಂದು ಹಟ ಹಿಡಿಯುವ ಆ್ಯಪ್, ಸುತ್ತ ನೋಡಿದರೆ ಸಿಗ್ನಲ್ಲೇ ಇಲ್ಲದ ಹೊಲ.

ಅಂಗಡಿಯ ಹೊರಗಿನ ಆ್ಯಪ್

ಈಗ ಗೂಗಲ್ ಸುದ್ದಿಗೆ ಬರಬಹುದು. ಕ್ಯಾಮೆರಾ ಡ್ರೋನ್‌ಗಳಲ್ಲಿ ಜಗತ್ತಿನ ಅತಿ ದೊಡ್ಡ ಕಂಪನಿಯಾದ ಚೀನಾದ ಡಿಜೆಐ, ತನ್ನ ‘ಡಿಜೆಐ ಫ್ಲೈ’ ಆ್ಯಪನ್ನು ಐಫೋನಿಗೆ ಆ್ಯಪ್ ಸ್ಟೋರ್‌ನಲ್ಲಿಯೇ ಕೊಡುತ್ತದೆ. ಆಂಡ್ರಾಯ್ಡ್‌ನವರು ಮಾತ್ರ ಪ್ಲೇ ಸ್ಟೋರ್ ಬಿಟ್ಟು, ಕಂಪನಿಯ ಜಾಲತಾಣದಿಂದ ಎಪಿಕೆ ಕಡತವನ್ನು, ಅಂದರೆ ಆ್ಯಪ್ ಹಾಕಿಕೊಳ್ಳುವ ಕಡತವನ್ನು, ಇಳಿಸಿಕೊಳ್ಳಬೇಕು. ಪ್ಲೇ ಸ್ಟೋರ್‌ನ ತಾನಾಗಿ ಅಪ್‌ಡೇಟ್ ಆಗುವ ಸೌಲಭ್ಯ ಅಲ್ಲಿಲ್ಲ, ಆವೃತ್ತಿ ಹೊಂದುತ್ತದೆಯೇ ಎಂದು ಮೊದಲೇ ಹೇಳುವವರೂ ಇಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಂಚಿದ ಕಡತವನ್ನು ಒತ್ತಿಬಿಡುವ ಅಭ್ಯಾಸ ಬೆಳೆಯುವುದು ಇಲ್ಲಿಂದಲೇ.

ಭದ್ರತೆಯ ಆತಂಕ ಹುಟ್ಟಿದ್ದು ಸುಮ್ಮನೆ ಅಲ್ಲ. ಡಿಜೆಐಯ ಹಿಂದಿನ ಆ್ಯಪ್ ‘ಡಿಜೆಐ ಗೋ 4’ರ ಆಂಡ್ರಾಯ್ಡ್ ಆವೃತ್ತಿ, ಪ್ಲೇ ಸ್ಟೋರನ್ನು ಬಳಸಿಕೊಳ್ಳದೆಯೇ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಬಲ್ಲದು ಎಂದು ಸಿನಾಕ್ಟಿವ್ ಮತ್ತು ಗ್ರಿಮ್ ಎಂಬ ಭದ್ರತಾ ಸಂಸ್ಥೆಗಳು 2020ರ ಜುಲೈನಲ್ಲಿ ತೋರಿಸಿದ್ದವು. ಕಂಪನಿ ಈ ಆರೋಪದ ಅರ್ಥವಿವರಣೆಯನ್ನು ಒಪ್ಪಲಿಲ್ಲ. ಆ್ಯಪನ್ನು ತಿದ್ದಿ ಹಾರಾಟದ ಮಿತಿಗಳನ್ನು ಮುರಿಯುವವರನ್ನು ತಡೆಯಲು ಆ ಏರ್ಪಾಡು ಎಂದಿತು. ಇಬ್ಬರ ಮಾತಿನಲ್ಲೂ ತಿರುಳಿದೆ ಎನ್ನಬೇಕು. ಹಾರುವ ಯಂತ್ರಕ್ಕೆ ತುರ್ತಾಗಿ ತಿದ್ದುಪಡಿ ತಲುಪಬೇಕು ಎಂಬುದು ನಿಜ. ಆದರೆ ಆ ದಾರಿ ತೆರೆದೇ ಇದ್ದರೆ ಅದರಲ್ಲಿ ಏನು ಬೇಕಾದರೂ ಬರಬಹುದು ಎಂಬುದೂ ನಿಜ.

ಗೂಗಲ್‌ನ ಹೊಸ ನಿಯಮ ಈ ಹಿನ್ನೆಲೆಯದು. ಪ್ರಕಟಣೆಯ ಪ್ರಕಾರ 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಲ್ಲಿ ಮೊದಲು, 2027ರಿಂದ ಉಳಿದ ದೇಶಗಳಿಗೆ ಹಂತ ಹಂತವಾಗಿ. ಮೊದಲ ಪಟ್ಟಿಯಲ್ಲಿ ಭಾರತ ಇಲ್ಲ. ಪ್ಲೇ ಸ್ಟೋರ್‌ನ ಹೊರಗಿನ ಆ್ಯಪ್‌ಗಳನ್ನು ಅದು ಪೂರ್ತಿ ನಿಷೇಧಿಸುವುದಿಲ್ಲ, ತಯಾರಕರು ಯಾರೆಂದು ಗುರುತು ಕೊಡಿ ಎನ್ನುತ್ತದೆ. ಅನುಭವಸ್ಥ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟು ದಾರಿ ಬಿಡುವುದಾಗಿಯೂ ಗೂಗಲ್ ಆಮೇಲೆ ಹೇಳಿದೆ. ದೊಡ್ಡ ಕಂಪನಿಗಳಿಗೆ ಗುರುತು ಕೊಡುವುದು ಕಷ್ಟವಲ್ಲ. ಪೆಟ್ಟು ಬೀಳುವುದಾದರೆ ಅದು ಬಾಗಿಲು ಮುಚ್ಚಿದ ಕಂಪನಿಗಳ ಆ್ಯಪ್‌ಗಳಿಗೆ, ಹವ್ಯಾಸಿಗಳು ಬರೆದು ಬಿಟ್ಟುಹೋದವಕ್ಕೆ, ಯಾರದೆಂದೇ ಗೊತ್ತಿಲ್ಲದ ಅಗ್ಗದ ಡ್ರೋನ್‌ಗಳ ಜೊತೆ ಕ್ಯೂಆರ್ ಚೀಟಿಯಲ್ಲಿ ಬರುವವಕ್ಕೆ. ಅಂದರೆ ಮೊದಲ ಪ್ರಶ್ನೆಗೆ ಉತ್ತರ: ಎಲ್ಲ ಡ್ರೋನ್ ಆ್ಯಪ್‌ಗಳು ನಿಲ್ಲುವುದಿಲ್ಲ, ಅನಾಥ ಆ್ಯಪ್‌ಗಳು ನಿಲ್ಲಬಹುದು.

ಭಾರತದಲ್ಲಿ ಅನಾಥ ಡ್ರೋನ್‌ಗಳು ಹೆಚ್ಚಲು ಇನ್ನೊಂದು ಕಾರಣವಿದೆ. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ, ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ದೇಶೀಯ ಕೃಷಿ ಡ್ರೋನ್ ಉದ್ಯಮಕ್ಕೆ ಇದರಿಂದ ಬಲ ಬಂದದ್ದು ಹೌದು. ಆದರೆ ಮದುವೆ ಮೆರವಣಿಗೆಯ ಮೇಲೆ ಹಾರುವ ಪುಟ್ಟ ಕ್ಯಾಮೆರಾ ಡ್ರೋನ್‌ಗಳ ಬೇಡಿಕೆ ನಿಲ್ಲಲಿಲ್ಲ. ನಿಷೇಧಕ್ಕೆ ಮೊದಲು ಬಂದವು ಕೈಯಿಂದ ಕೈಗೆ ಮಾರಾಟವಾಗುತ್ತವೆ, ಬೇರೆ ದಾರಿಯಲ್ಲಿ ಬಂದವಕ್ಕೆ ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ಆ್ಯಪ್ ಕೈಕೊಟ್ಟರೆ ದೂರು ಒಯ್ಯಲು ಬಾಗಿಲೇ ಇಲ್ಲದ ಸ್ಥಿತಿ.

ಹೊಣೆ ಯಾರ ತಲೆಗೆ?

ಡ್ರೋನ್ ತಯಾರಕರ ವಾದ ಹೀಗಿದೆ: ಮಾರುಕಟ್ಟೆಯಲ್ಲಿ ಸಾವಿರಾರು ಮಾದರಿಯ ಮೊಬೈಲುಗಳಿವೆ, ಎಲ್ಲವನ್ನೂ ಪರೀಕ್ಷಿಸಲು ಸಾಧ್ಯವಿಲ್ಲ. ಹೊಂದುವ ಮೊಬೈಲುಗಳ ಪಟ್ಟಿ ಕೊಟ್ಟಿದ್ದೇವೆ, ಅದರಲ್ಲಿಲ್ಲದ್ದನ್ನು ಬಳಸಿದರೆ ನಾವೇನು ಮಾಡುವುದು? ಮೊಬೈಲ್ ವ್ಯವಸ್ಥೆಯ ತಯಾರಕರು, ಕೋಟ್ಯಂತರ ಜನರ ಖಾಸಗಿತನ ಮತ್ತು ಬ್ಯಾಟರಿ ನಮಗೆ ಮೊದಲು, ಹೊಸ ನಿಯಮಕ್ಕೆ ಆ್ಯಪ್ ಬರೆದವರು ಹೊಂದಿಕೊಳ್ಳಬೇಕು ಎನ್ನುತ್ತಾರೆ. ಹಾರಿಸುವವರದು ಮೂರನೆಯ ಮಾತು: ಡ್ರೋನ್ ಮಾರುವಾಗ ‘ನಿಮ್ಮ ಮೊಬೈಲಿನಲ್ಲೇ ನಡೆಯುತ್ತದೆ’ ಎಂದವರು ನೀವು, ಕೆಟ್ಟಾಗ ಮೊಬೈಲಿನ ಮೇಲೆ ಹಾಕುವವರೂ ನೀವೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವವಳು ಯಾರು, ನೆಲ ಯಾವುದು ಎಂಬುದೇ ತೀರ್ಮಾನವಾಗಿಲ್ಲ.

ಕಾನೂನು ಏನು ಹೇಳುತ್ತದೆ? 2021ರ ಆಗಸ್ಟ್ 25ರಂದು ಜಾರಿಯಾದ ಡ್ರೋನ್ ನಿಯಮಗಳು ಹಾರುವ ಯಂತ್ರದ ತೂಕ, ನೋಂದಣಿ, ಮಾದರಿ ಪ್ರಮಾಣಪತ್ರ, ಪೈಲಟ್‌ನ ಪ್ರಮಾಣಪತ್ರ, ವಾಯುವಲಯ ಎಲ್ಲವನ್ನೂ ಹೇಳುತ್ತವೆ. ಮಾದರಿ ಪ್ರಮಾಣಪತ್ರವೆಂದರೆ ಒಂದು ಮಾದರಿಯನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ. ಪರೀಕ್ಷೆಯ ದಿನ ಚೆನ್ನಾಗಿ ನಡೆದ ಡ್ರೋನ್, ಎರಡು ವರ್ಷದ ಮೇಲೆ, ಎರಡು ಸಲ ವ್ಯವಸ್ಥೆ ಬದಲಾದ ಮೊಬೈಲಿನ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅಂಥ ಒಂದು ಸಲದ ಪರೀಕ್ಷೆಗೆ ದಕ್ಕುವ ವಿಷಯವಲ್ಲ.

ಮುಂದೆ ಈ ಅವಲಂಬನೆ ಹೆಚ್ಚುವ ಲಕ್ಷಣವೇ ಇದೆ. ‘ಅನುಮತಿ ಇಲ್ಲದೆ ಹಾರಾಟವಿಲ್ಲ’ ಎಂಬ ಸುರಕ್ಷಾ ವ್ಯವಸ್ಥೆಯನ್ನು ಮುಂದೆ ಕಡ್ಡಾಯ ಮಾಡುವ ಅಧಿಕಾರವನ್ನು ಇದೇ ನಿಯಮಗಳು ಸರ್ಕಾರಕ್ಕೆ ಕೊಟ್ಟಿವೆ. ಅದಕ್ಕೆ ಕನಿಷ್ಠ ಆರು ತಿಂಗಳ ಕಾಲಾವಕಾಶ ಕೊಡಬೇಕು. ಅದು ಜಾರಿಯಾದರೆ, ಅನುಮತಿ ಸಿಗುವ ದಾರಿ ತಂತ್ರಾಂಶದ ಮೂಲಕವೇ. ತೋರಣಗಲ್ಲಿನ ವಿಮಾನ ನಿಲ್ದಾಣದ ಸುತ್ತ ಇದು ಈಗಲೇ ಸೂಕ್ಷ್ಮ ವಿಷಯ: ಚಾಲ್ತಿಯಲ್ಲಿರುವ ನಿಲ್ದಾಣದ ಗಡಿಯಿಂದ 8–12 ಕಿಲೋಮೀಟರ್ ನಡುವೆ 200 ಅಡಿಯವರೆಗೆ ಮಾತ್ರ ಹಸಿರು ವಲಯ, ಅಂದರೆ ಮುಂಚಿತ ಅನುಮತಿ ಇಲ್ಲದೆ ಹಾರಿಸಬಹುದಾದ ವಲಯ. ಡ್ರೋನ್ ಕಂಪನಿಯ ಆ್ಯಪ್ ತೋರಿಸುವ ನಕ್ಷೆಯೂ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ವಾಯುವಲಯ ನಕ್ಷೆಯೂ ಒಂದೇ ಎಂದು ತಿಳಿದು ಹಾರಿಸಿದರೆ ಸಿಕ್ಕಿಬೀಳುವುದು ಹಾರಿಸಿದವರೇ.

ಪರದೆಯನ್ನು ರಿಮೋಟಿನಲ್ಲೇ ಕೂಡಿಸಿ ಕೊಡುವುದು ಈಗ ತಯಾರಕರು ಹಿಡಿದಿರುವ ದಾರಿ. ಕೃಷಿ ಡ್ರೋನ್‌ಗಳಲ್ಲಿ ಇದು ಆಗಲೇ ರೂಢಿಯಾಗುತ್ತಿದೆ. ಕರೆ ಬರುವುದಿಲ್ಲ, ವಾಟ್ಸ್‌ಆ್ಯಪ್ ಇಲ್ಲ, ಬಿಸಿಲಿಗೆ ತಕ್ಕ ಬೆಳಕಿನ ಪರದೆ. ಇರುವುದರಲ್ಲಿ ಒಳ್ಳೆಯ ಪರಿಹಾರ ಇದೇ. ಆದರೆ ಬೆಲೆ ಹೆಚ್ಚು, ಮತ್ತು ಅಂಥ ಅನೇಕ ರಿಮೋಟ್‌ಗಳ ಒಳಗೆ ಓಡುವುದೂ ಆಂಡ್ರಾಯ್ಡೇ. ಅದಕ್ಕೂ ವಯಸ್ಸಾಗುತ್ತದೆ.

ಹೊಲದಲ್ಲಿ ಇದರ ಬೆಲೆ

ಛಾಯಾಗ್ರಾಹಕನ ಡ್ರೋನ್ ನಿಂತರೆ ಒಂದು ಮೆರವಣಿಗೆಯ ಚಿತ್ರ ತಪ್ಪುತ್ತದೆ. ಕೃಷಿ ಡ್ರೋನ್ ನಿಂತರೆ ತಪ್ಪುವುದು ಹದ. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ, ಮೆಣಸಿನಕಾಯಿಗೆ ನುಸಿ ಹತ್ತಿದಾಗ ಇಂದು ಹೊಡೆಯುವುದಕ್ಕೂ ಮೂರು ದಿನ ಬಿಟ್ಟು ಹೊಡೆಯುವುದಕ್ಕೂ ವ್ಯತ್ಯಾಸ ದೊಡ್ಡದು. ಗಾಳಿ ಶಾಂತವಾಗಿರುವ ಬೆಳಗಿನ ಕೆಲವು ಗಂಟೆ ಮಾತ್ರ ಸಿಂಪಡಣೆಗೆ ಒದಗುತ್ತದೆ. ಅದರಲ್ಲಿ ಒಂದು ಗಂಟೆ ಲಾಗಿನ್‌ಗೆ ಹೋದರೆ ಆ ದಿನದ ಎಕರೆಗಳ ಲೆಕ್ಕವೇ ತಲೆಕೆಳಗು. ಬಾಡಿಗೆ ಎಕರೆಗಿಷ್ಟು ಎಂದು ಇರುವುದರಿಂದ ನಷ್ಟ ಹಾರಿಸುವವನದು, ಬೆಳೆ ಹೋದರೆ ರೈತನದು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಟ್ಯಾಂಕ್ ಖಾಲಿಯಾದಾಗ ಡ್ರೋನ್ ಎಲ್ಲಿಗೆ ನಿಲ್ಲಿಸಿತ್ತು ಎಂಬ ಗುರುತನ್ನು ಇಟ್ಟುಕೊಂಡು, ಮತ್ತೆ ತುಂಬಿಸಿದ ಮೇಲೆ ಅಲ್ಲಿಂದಲೇ ಮುಂದುವರಿಯುವುದು ಕೃಷಿ ಆ್ಯಪ್‌ಗಳ ಮುಖ್ಯ ಅನುಕೂಲ. ನಡುವೆ ಆ್ಯಪ್ ಮುಚ್ಚಿಹೋಗಿ ಆ ಗುರುತು ಕಳೆದರೆ, ಹಾರಿಸುವವನು ಅಂದಾಜಿನಲ್ಲಿ ಮುಂದುವರಿಯಬೇಕು. ಒಂದು ಪಟ್ಟಿಗೆ ಔಷಧಿ ಬೀಳುವುದೇ ಇಲ್ಲ, ಇನ್ನೊಂದಕ್ಕೆ ಎರಡು ಸಲ ಬೀಳುತ್ತದೆ. ಡ್ರೋನ್ ಸಿಂಪಡಣೆಯಲ್ಲಿ ನೀರು ಕಡಿಮೆ, ದ್ರಾವಣ ಗಟ್ಟಿ. ಎರಡು ಸಲ ಬಿದ್ದ ಕಡೆ ಎಲೆ ಸುಡಬಹುದು, ಕಾಯಿಯಲ್ಲಿ ಔಷಧಿಯ ಶೇಷ ಏರಬಹುದು. ವಾರದ ಮೇಲೆ ರೈತ ಬಂದು, ‘ಡ್ರೋನ್ ಹೊಡೆದದ್ದು ಹತ್ತಲಿಲ್ಲ’ ಎನ್ನುತ್ತಾನೆ. ತಪ್ಪು ಔಷಧಿಯದೋ, ಡ್ರೋನಿನದೋ, ಮುಚ್ಚಿಹೋದ ಆ್ಯಪ್‌ನದೋ, ಹೇಳುವವರಿಲ್ಲ.

ಸಾಕ್ಷ್ಯ ಅಳಿಸುವ ಸಲಹೆ

ಆ್ಯಪ್ ಕೆಟ್ಟಾಗ ಎಲ್ಲರೂ ಕೊಡುವ ಮೊದಲ ಸಲಹೆ, ಅದನ್ನು ತೆಗೆದುಹಾಕಿ ಮತ್ತೆ ಹಾಕಿ ಎಂಬುದು. ಬಹಳ ಸಲ ಅದರಿಂದ ಸರಿಯೂ ಆಗುತ್ತದೆ. ಆದರೆ ಎಷ್ಟು ಎತ್ತರ, ಎಷ್ಟು ಬ್ಯಾಟರಿ, ಯಾವ ಕ್ಷಣ ಸಂಪರ್ಕ ಕಡಿಯಿತು, ಯಾವ ಎಚ್ಚರಿಕೆ ಬಂತು ಎಂಬ ಹಾರಾಟದ ದಾಖಲೆ ಮೊಬೈಲಿನಲ್ಲಿ ಸಾಮಾನ್ಯವಾಗಿ ಆ ಆ್ಯಪ್‌ನ ಕಡತಗಳ ಜೊತೆಗೇ ಇರುತ್ತದೆ. ಆ್ಯಪ್ ತೆಗೆದರೆ ಅದೂ ಅಳಿಯುತ್ತದೆ. ಡ್ರೋನ್ ಯಾರದೋ ಬೈಕಿನ ಮೇಲೆ ಬಿದ್ದ ಪ್ರಕರಣದಲ್ಲಿ, ತಪ್ಪು ನಿಮ್ಮದಲ್ಲವೆಂದು ತೋರಿಸಬಹುದಾದ ಸಾಕ್ಷ್ಯ ಅದೊಂದೇ ಆಗಿರಬಹುದು. ಆ್ಯಪ್ ತೆಗೆಯುವ ಮುನ್ನ ದಾಖಲೆಯನ್ನು ಬೇರೆಡೆಗೆ ನಕಲು ಮಾಡಿ ಎಂದು ಸೇವಾ ಕೇಂದ್ರದವರು ಹೇಳಬೇಕಿತ್ತು.

ನ್ಯಾನೊ, ಅಂದರೆ 250 ಗ್ರಾಂವರೆಗಿನವನ್ನು ಬಿಟ್ಟು ಉಳಿದ ಡ್ರೋನ್‌ಗಳಿಗೆ ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ ನಿಯಮದಲ್ಲೇ ಇದೆ. ಅದು ಬೈಕಿನವನಿಗೆ ಪರಿಹಾರ ಕೊಡಬಹುದು, ನಿಮ್ಮ ಮುರಿದ ಡ್ರೋನಿಗೆ ಕೊಡುವುದಿಲ್ಲ. ತಯಾರಕರ ಮೇಲೆ ದೂರು ಕೊಡಬೇಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಬಾಡಿಗೆಗೆ ಓಡಿಸುವ ಡ್ರೋನ್ ವಾಣಿಜ್ಯ ಬಳಕೆ, ಆದ್ದರಿಂದ ನೀವು ಗ್ರಾಹಕರೇ ಅಲ್ಲ ಎಂದು ಎದುರು ಪಕ್ಷ ವಾದಿಸುವುದು ಖಂಡಿತ. ಕಾಯ್ದೆಯಲ್ಲಿ ಅದಕ್ಕೊಂದು ಅಪವಾದವೂ ಇದೆ: ಸ್ವಯಂ ಉದ್ಯೋಗದಿಂದ ಜೀವನೋಪಾಯ ಗಳಿಸುವುದಕ್ಕೆಂದೇ ಕೊಂಡು ತಾನೇ ಬಳಸುವವನು ಗ್ರಾಹಕನೇ. ಒಂದೇ ಡ್ರೋನ್ ಇಟ್ಟುಕೊಂಡು ತಾನೇ ಹಾರಿಸುವ ಯುವಕನಿಗೆ ಈ ಸಾಲು ಆಸರೆಯಾಗಬಹುದು. ಹತ್ತು ಡ್ರೋನ್ ಇಟ್ಟು ಆಳು ನೇಮಿಸಿದವನಿಗೆ ಕಷ್ಟ.

ಸ್ವಸಹಾಯ ಸಂಘಗಳ ಸ್ಥಿತಿ ಕೊಂಚ ಉತ್ತಮ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು ಸಿಗುತ್ತದೆ. ಡ್ರೋನ್ ಮಾತ್ರ ಕೊಡದೆ ಬ್ಯಾಟರಿಗಳು, ಚಾರ್ಜರ್, ಗಾಳಿಯ ವೇಗ ಅಳೆಯುವ ಮಾಪಕ, ಒಂದು ವರ್ಷದ ವಾರಂಟಿ ಮತ್ತು ವಿಮೆ, ಎರಡು ವರ್ಷದ ನಿರ್ವಹಣಾ ಒಪ್ಪಂದ ಎಲ್ಲವನ್ನೂ ಒಂದು ಗಂಟಾಗಿ ಕಟ್ಟಿಕೊಡಲಾಗುತ್ತದೆ. ತರಬೇತಿ 15 ದಿನದ್ದು: ಐದು ದಿನ ಹಾರಿಸುವುದಕ್ಕೆ, ಹತ್ತು ದಿನ ಕೃಷಿ ಕೆಲಸಕ್ಕೆ. ಸಂಘದವರು ಕೇಳಿ, ಲಿಖಿತವಾಗಿ ಪಡೆಯಬೇಕಾದ್ದು ಒಂದಿದೆ. ಮೊಬೈಲ್ ಅಥವಾ ರಿಮೋಟಿನ ವ್ಯವಸ್ಥೆ ಬದಲಾದಾಗ ಆ್ಯಪ್ ನಡೆಯುವಂತೆ ನೋಡಿಕೊಳ್ಳುವುದು ಆ ಎರಡು ವರ್ಷದ ಒಪ್ಪಂದದೊಳಗೆ ಬರುತ್ತದೆಯೇ? ರೆಕ್ಕೆ ಮುರಿದರೆ ಬದಲಿಸುತ್ತೇವೆ ಎಂಬ ಭರವಸೆ ಎಲ್ಲರೂ ಕೊಡುತ್ತಾರೆ.

ಎರಡು ಪಂಚಾಂಗ

ಹಾರಿಸುವವರ ಕೈಯಲ್ಲಿ ಇರುವುದು ಸ್ವಲ್ಪವೇ, ಆದರೂ ಇದೆ. ಡ್ರೋನಿಗೆಂದೇ ಒಂದು ಮೊಬೈಲ್, ಅದರಲ್ಲಿ ಸಿಮ್ ಬೇಡ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆ ಆ್ಯಪ್‌ಗೆ ವಿನಾಯಿತಿ, ಬಳಸದ ಆ್ಯಪ್‌ನ ಅನುಮತಿ ತೆಗೆಯುವ ಆಯ್ಕೆ ಬಂದ್. ಲಾಗಿನ್, ನಕ್ಷೆ ಇಳಿಸುವುದು, ಅಪ್‌ಡೇಟ್ ಎಲ್ಲ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ. ಮರಳುವ ಎತ್ತರವನ್ನು ಆ ಹೊಲದ ತಂತಿ, ಮರ ನೋಡಿ ಪ್ರತಿ ಸಲವೂ ಹೊಸದಾಗಿ ಹಾಕುವುದು. ಪರದೆ ಮುಚ್ಚಿ, ರಿಮೋಟಿನ ಕಡ್ಡಿಗಳಿಂದಲೇ ಇಳಿಸುವುದನ್ನು ಖಾಲಿ ಟ್ಯಾಂಕಿನಲ್ಲಿ ಆಗಾಗ ಅಭ್ಯಾಸ ಮಾಡುವುದು. ಇದನ್ನು ಮಾಡುವವರು ಕಡಿಮೆ, ಉಪಯೋಗಕ್ಕೆ ಬರುವುದು ಇದೇ ಹೆಚ್ಚು.

ಎಲ್ಲಕ್ಕಿಂತ ಮೇಲೆ, ಸುಗ್ಗಿಯ ನಡುವೆ ಅಪ್‌ಡೇಟ್ ಮಾಡದಿರುವುದು. ಇದು ಹೇಳಿದಷ್ಟು ಸುಲಭವಲ್ಲ. ಹಿಂದೆ ಆಂಡ್ರಾಯ್ಡ್‌ನ ಹೊಸ ಆವೃತ್ತಿ ಮಳೆಗಾಲದ ಕೊನೆಗೆ ಬರುತ್ತಿತ್ತು. ಆಂಡ್ರಾಯ್ಡ್ 16 ಬಂದದ್ದು 2025ರ ಜೂನ್ 10ಕ್ಕೆ, ಮೊದಲು ಗೂಗಲ್‌ನ ಸ್ವಂತ ಮೊಬೈಲುಗಳಿಗೆ. ಉಳಿದ ಬ್ರ್ಯಾಂಡ್‌ಗಳಿಗೆ ಅದು ತಲುಪುವುದು ಆಮೇಲಿನ ತಿಂಗಳುಗಳಲ್ಲಿ. ಐಫೋನಿನ ಹೊಸ ವ್ಯವಸ್ಥೆ ಸೆಪ್ಟೆಂಬರ್‌ನಲ್ಲಿ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು, ನಾಟಿ ಮುಗಿದು, ಭತ್ತಕ್ಕೆ ಹುಳು ಬೀಳುವುದೂ ಅದೇ ತಿಂಗಳುಗಳಲ್ಲಿ. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೊರಡಬೇಕಾದವನ ಮೊಬೈಲ್ ರಾತ್ರಿ ಎರಡಕ್ಕೆ, ಚಾರ್ಜಿನಲ್ಲಿದೆ, ವೈಫೈ ಇದೆ ಎಂದು ನೋಡಿಕೊಂಡು, ಹೊಸ ಆವೃತ್ತಿಯನ್ನು ಹಾಕಿಕೊಂಡಿರುತ್ತದೆ.